ಶ್ರುತಿಯನ್ನೇ ಸಾಧನೆಯಾಗಿಸಿಕೊಂಡ ಪಂಡಿತ್ ಪ್ರಾಣನಾಥ್

ಕಿರಾಣಾ ಘರಾಣೆಯೆಂದರೆ ಕನ್ನಡಿಗರಾದ ನಮಗೆ ತವರಿನ ನೆನಪು. ಕುಂದಗೋಳದ ಸವಾಯಿ ಗಂಧರ್ವರು, ಅವರ ಶಿಷ್ಯರಾದ ಗಂಗೂಬಾಯಿ ಹಾನಗಲ್ ಹಾಗೂ ಭೀಮಸೇನ ಜೋಶಿ ಇವರ ಗಾಯನವನ್ನು ಕೇಳದ ಕನ್ನಡಿಗರು ಹೊರನಾಡಿನಲ್ಲಿಯೂ ವಿರಳ. ಇವರೆಲ್ಲ ಉಸ್ತಾದ್ ಅಬ್ದುಲ್ ಕರೀಂ ಖಾನರ ಪರಂಪರೆಯವರು. ಇದೇ ಘರಾಣೆಯ ಮತ್ತೊಂದು ಕವಲು ಉಸ್ತಾದ್ ಅಬ್ದುಲ್ ವಹೀದ್ ಖಾನರದು. ಆ ಕವಲಿನಿಂದ ಹೊರಟು, ಅಮೆರಿಕದ ಪ್ರಯೋಗಶೀಲ ಸಂಗೀತಗಾರರಿಗೆ ಗುರುವಾಗಿ ಹೆಸರಾದವರು ಪಂಡಿತ್ ಪ್ರಾಣನಾಥ್.

ಅವರ ಧ್ವನಿಮುದ್ರಿಕೆಯನ್ನು ಮೊದಲ ಬಾರಿ ಕೇಳಿದಾಗ ನಾವು ಹತ್ತು ನಿಮಿಷಕ್ಕೇ ನಿಲ್ಲಿಸಿಬಿಟ್ಟೆವೆಂದು ಒಪ್ಪಿಕೊಳ್ಳಬೇಕು. ತಾನುಗಳ ಸುರಿಮಳೆಗೆ ಒಗ್ಗಿದ ಕಿವಿಗೆ, ಒಂದೇ ಸ್ವರದ ಸುತ್ತ ಅವರು ತಂಗಿದ ಪರಿ ಬೇಸರ ತರಿಸಿತ್ತು. ಅವರ ಜೀವನವನ್ನು ತಿಳಿದ ಬಳಿಕವೇ ನಮಗೆ ಅವರನ್ನು ಕೇಳುವ ಬಗೆ ತಿಳಿಯಿತು.

ಪ್ರಾಣನಾಥರು 1918ರ ನವೆಂಬರ್ 3ರಂದು ಲಾಹೋರಿನ ಅನುಕೂಲಸ್ಥ ಕುಟುಂಬದಲ್ಲಿ ಜನಿಸಿದರು. ಮಗ ಗಾಯಕನಾಗುವುದು ತಾಯಿಗೆ ಸಮ್ಮತವಿರಲಿಲ್ಲ. ಹದಿಮೂರರ ವಯಸ್ಸಿನಲ್ಲಿಯೇ ಬಾಲಕ ಮನೆ ತೊರೆದು ವಹೀದ್ ಖಾನರ ಆಶ್ರಯ ಸೇರಿದ. ವರ್ಷಗಟ್ಟಲೆ ಗುರುವಿನ ಮನೆಗೆಲಸ ಮಾಡಿಕೊಂಡಿದ್ದ ಮೇಲೆಯೇ ಪಾಠ ಆರಂಭವಾಯಿತು. ಆ ಗುರುಗಳೋ ಕಿವಿ ಮಂದವಾದುದರಿಂದ ಬೆಹರೆ ವಹೀದ್ ಖಾನರೆಂದೇ ಹೆಸರಾದವರು. ಅತಿ ವಿಲಂಬಿತ ಲಯದಲ್ಲಿ ಸ್ವರಸ್ವರವನ್ನೂ ಬಿಡಿಸುವುದು ಅವರ ವೈಶಿಷ್ಟ್ಯ.

1937ರಿಂದ ಪ್ರಾಣನಾಥರು ಆಕಾಶವಾಣಿಯಲ್ಲಿ ಹಾಡತೊಡಗಿದರು. ಆದರೂ ಅವರ ಮನಸ್ಸು ಡೆಹ್ರಾಡೂನಿನ ಬಳಿಯ ತಪಕೇಶ್ವರದ ಗುಹಾಲಯದತ್ತ ಸೆಳೆಯುತ್ತಿತ್ತು. ಅಲ್ಲಿ ಅವರು ವಿರಾಗಿಯಂತೆ ಬಾಳಿ, ಶಿವನೆದುರು ಹಾಡಿಕೊಂಡಿದ್ದರು. ಹರಿಯುವ ತೊರೆಯ ಸದ್ದೇ ಅವರಿಗೆ ಶ್ರುತಿಯಾಗಿತ್ತೆಂದು ಹೇಳುತ್ತಾರೆ. ಲೋಕದ ನಡುವೆ ಹಿಂದಿರುಗಿ ವಿದ್ಯೆಯನ್ನು ಹಂಚಬೇಕೆಂಬ ಗುರುವಿನ ಆಣತಿಗೆ ತಲೆಬಾಗಿ ಅವರು ಊರಿಗೆ ಬಂದರು. 1949ರಲ್ಲಿ ಗುರುಗಳು ತೀರಿಕೊಂಡರು.

1960ರಿಂದ ಹತ್ತು ವರ್ಷ ಅವರು ದೆಹಲಿ ವಿಶ್ವವಿದ್ಯಾಲಯದಲ್ಲಿ ಬೋಧಿಸಿದರು. ವಿದ್ವಾಂಸರ ಗೌರವ ದೊರೆತರೂ ಸಭೆಗಳ ಜನಪ್ರಿಯತೆ ಒಲಿಯಲಿಲ್ಲ. ರಂಜನೆಗಾಗಿ ಆಲಾಪವನ್ನು ಮೊಟಕುಗೊಳಿಸಲು ಅವರೂ ಒಪ್ಪಲಿಲ್ಲ.

ಇತ್ತ ಅಮೆರಿಕದಲ್ಲಿ ಕೆಲವು ತರುಣರು ತಮ್ಮದೇ ದಾರಿಯಲ್ಲಿ ಇಂಥದನ್ನೇ ಅರಸುತ್ತಿದ್ದರು. 1960ರಲ್ಲಿ ಲಾ ಮಾಂಟ್ ಯಂಗ್ ಎಂಬಾತ ಬರೆದ ಒಂದು ಕೃತಿಯಲ್ಲಿ ಇದ್ದುದು ಎರಡೇ ಸ್ವರ. ಅವನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಬೇಕೆಂಬುದಷ್ಟೇ ಅವನ ಸೂಚನೆ. ಆ ಎರಡು ಸ್ವರಗಳ ಅಂತರ ನಮ್ಮ ಷಡ್ಜ-ಪಂಚಮಗಳದೇ! 1964ರಲ್ಲಿ ಟೆರಿ ರೈಲಿ ರಚಿಸಿದ ‘ಇನ್ ಸಿ’ಯಲ್ಲಿ 53 ಕಿರುತುಣುಕುಗಳನ್ನು ಪ್ರತಿ ವಾದಕನೂ ತನಗೆ ಬೇಕಾದಷ್ಟು ಬಾರಿ ನುಡಿಸುತ್ತ ಮುಂದೆ ಸಾಗುತ್ತಾನೆ. ಮಿನಿಮಲಿಸಂ, ಅಂದರೆ ಮಿತಸಾಮಗ್ರಿಯ ಸಂಗೀತ, ಎಂದು ಹೆಸರಾದುದು ಇದೇ.

1970ರಲ್ಲಿ ಪ್ರಾಣನಾಥರು ನ್ಯೂಯಾರ್ಕಿಗೆ ತೆರಳಿದಾಗ ಯಂಗ್, ಅವರ ಪತ್ನಿ ಮೇರಿಯನ್ ಝಝೀಲಾ, ರೈಲಿ ಇವರೆಲ್ಲ ಶಿಷ್ಯರಾದರು. ತುತ್ತೂರಿವಾದಕ ಜಾನ್ ಹ್ಯಾಸೆಲ್ ಕೂಡ ಬಂದು ಕಲಿತರು. ಅಷ್ಟರಲ್ಲೇ ಹೆಸರು ಗಳಿಸಿದ್ದ ಈ ಸಂಗೀತಗಾರರು ಸ ಹಚ್ಚುವುದರಿಂದ ಪಾಠ ಆರಂಭಿಸಿದರು. 1972ರಲ್ಲಿ ಅಲ್ಲಿ ಕಿರಾಣಾ ಕೇಂದ್ರ ಸ್ಥಾಪನೆಯಾಯಿತು. ಮರುವರ್ಷದಿಂದ ಅವರು ಕ್ಯಾಲಿಫೋರ್ನಿಯದ ಮಿಲ್ಸ್ ಕಾಲೇಜಿನಲ್ಲಿಯೂ ಕಲಿಸಿದರು. 1996ರ ಜೂನ್ 13ರಂದು ಬರ್ಕ್ಲಿಯಲ್ಲಿ ನಿಧನರಾದರು. ಅವರ ತಂಬೂರಿಗಳ ನಾದವನ್ನಷ್ಟೇ ಒಂದು ಗಂಟೆಗೂ ಮೀರಿ ಕೇಳಿಸುವ ಧ್ವನಿಮುದ್ರಿಕೆಯೊಂದಿದೆ; 1982ರಲ್ಲಿ ಮುದ್ರಿಸಿದ ಅದನ್ನು ಯಂಗ್ ದಂಪತಿಗಳು 1999ರಲ್ಲಿ ಹೊರತಂದರು.

ಹಾಡಿಲ್ಲದ ತಂಬೂರಿಯಲ್ಲಿ ಕೇಳುವುದೇನು ಎಂದು ನಾವೂ ಅಂದುಕೊಂಡಿದ್ದೆವು. ಕುದುರೆಯ ಮೇಲೆ ತಂತಿಯಡಿ ಸಿಕ್ಕಿಸುವ ನೂಲೆಳೆಯಿಂದಾಗಿ ಒಂದು ಮೀಟಿಗೆ ಹಲವು ಉಪಸ್ವರಗಳು ಏಳುತ್ತವೆ. ಯಾವ ತಂತಿಯನ್ನೂ ಗಾಂಧಾರಕ್ಕೆ ಕೂಡಿಸಿರದಿದ್ದರೂ ಖರಜದ ತಂತಿಯಿಂದ ಗಾಂಧಾರ ಹೊಮ್ಮುತ್ತದೆ. ಮೊದಲ ಐದು ನಿಮಿಷ ಬೇಸರ; ಮುಂದೆ ಆ ಗಾಂಧಾರ ಕಾಣಿಸಿಕೊಂಡಿತೆಂದರೆ ಕಿವಿ ಅದನ್ನೇ ಹಿಂಬಾಲಿಸುತ್ತದೆ. ಅಂದು ಅರ್ಧಕ್ಕೆ ನಿಲ್ಲಿಸಿದ ಪ್ರಾಣನಾಥರ ಮುದ್ರಿಕೆಯನ್ನು ನಾವು ಪೂರ್ತಿ ಕೇಳಿದುದು ಇದರ ನಂತರವೇ.

ನಮ್ಮ ಸಭಾಂಗಣಗಳಲ್ಲಿ ತಂಬೂರಿ ಶ್ರುತಿಗೂಡಿಸುವ ಹೊತ್ತು ಕುಶಲೋಪರಿಯ ಹೊತ್ತಾಗಿದೆ. ಆ ತಪ್ಪಿನಲ್ಲಿ ನಾವೂ ಪಾಲುದಾರರು. ಮುಂದಿನ ಕಚೇರಿಗೆ ಓದುಗ ಬಂಧುಗಳು ಹತ್ತು ನಿಮಿಷ ಮುಂಚೆ ಬಂದು, ಮಾತು ನಿಲ್ಲಿಸಿ, ಆ ಶ್ರುತಿಯನ್ನೊಮ್ಮೆ ಕೇಳಬೇಕೆಂದು ವಿನಂತಿ.