ಸೋತ ದೇಶಕ್ಕೆ ಸಮನಾದ ಆಸನ ಕೊಡಿಸಿದ ಮಂತ್ರಿ: ಟ್ಯಾಲಿರಾಂಡ್

ಫ್ರಾನ್ಸಿನ ಮಹಾಕ್ರಾಂತಿಯ ಪಾಠ ಓದಿದವರಿಗೆಲ್ಲ ನೆಪೋಲಿಯನ್ನನ ಹೆಸರು ನೆನಪಿರುತ್ತದೆ. ಅವನ ವಿದೇಶಾಂಗ ಮಂತ್ರಿ ಯಾರು ಎಂದು ಕೇಳಿದರೆ ಉತ್ತರ ಬರುವುದು ಕಡಿಮೆ. ಸಮಾಜ ವಿಜ್ಞಾನದ ಶಿಕ್ಷಕನಾಗಿ ನಾನು ಈ ಪಾಠ ಮಾಡುವಾಗಲೆಲ್ಲ ಒಂದು ಪೀರಿಯಡ್ಡನ್ನು ಟ್ಯಾಲಿರಾಂಡ್‌ನಿಗೆಂದೇ ಮೀಸಲಿಡುತ್ತಿದ್ದೆ. ಒಳ್ಳೆಯವನೋ ಕೆಟ್ಟವನೋ ಎಂದು ಒಂದೇ ಮಾತಿನಲ್ಲಿ ತೀರ್ಮಾನಿಸಲಾಗದ ವ್ಯಕ್ತಿಯ ಬಗ್ಗೆ ಮಕ್ಕಳು ಯೋಚಿಸಲಿ ಎಂಬುದು ನನ್ನ ಆಸೆ. ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಅದೇ ಪಾಠವನ್ನು ಬರೆದುಕೊಡುತ್ತಿದ್ದೇನೆ.

ಟ್ಯಾಲಿರಾಂಡ್ 1754ರಲ್ಲಿ ಪ್ಯಾರಿಸ್ಸಿನ ಹಳೆಯ ಶ್ರೀಮಂತ ಮನೆತನದಲ್ಲಿ ಹುಟ್ಟಿದನು. ಬಾಲ್ಯದಿಂದಲೇ ಒಂದು ಕಾಲು ಕುಂಟು. ಕುಂಟು ಹುಡುಗ ಸೈನ್ಯಕ್ಕೆ ಆಗುವುದಿಲ್ಲವೆಂದು ಮನೆಯವರು ಹಿರಿಯ ಮಗನ ಹಕ್ಕನ್ನು ತಮ್ಮನಿಗೆ ಕೊಟ್ಟು, ಇವನನ್ನು ಚರ್ಚಿನ ದಾರಿಗೆ ಹಚ್ಚಿದರು. ಮನಸ್ಸಿಲ್ಲದಿದ್ದರೂ ಪಾದ್ರಿಯಾದನು, ಮುಂದೆ ಓಟನ್ ನಗರದ ಬಿಷಪ್ ಆದನು.

1789ರಲ್ಲಿ ಕ್ರಾಂತಿ ಆರಂಭವಾದಾಗ ಚರ್ಚಿನ ಆಸ್ತಿಯನ್ನು ರಾಷ್ಟ್ರಕ್ಕೆ ವಹಿಸಬೇಕೆಂದು ಸಭೆಯ ಮುಂದೆ ಸೂಚಿಸಿದವನು ಈ ಬಿಷಪ್ಪನೇ. ಅಂದು ಫ್ರಾನ್ಸಿನಲ್ಲಿ ಊರಿಗೊಂದು ಅಳತೆ, ಸಂತೆಗೊಂದು ತೂಕ. ದೇಶಕ್ಕೆಲ್ಲ ಒಂದೇ ಅಳತೆ ಇರಬೇಕೆಂದು 1790ರಲ್ಲಿ ಅವನು ಮಂಡಿಸಿದ ಸಲಹೆಯಿಂದ ಶುರುವಾದ ಕೆಲಸವೇ ಮುಂದೆ ಮೆಟ್ರಿಕ್ ಪದ್ಧತಿಯಾಯಿತು. ನಮ್ಮ ದೇಶ 1956ರಲ್ಲಿ ಕಾನೂನು ಮಾಡಿ ಸೇರು, ಮಣ, ಗಜಗಳ ಜಾಗಕ್ಕೆ ಕಿಲೋ, ಲೀಟರು, ಮೀಟರುಗಳನ್ನು ತಂದದ್ದು ನಮ್ಮೂರ ಹಿರಿಯರಿಗೆ ಗೊತ್ತೇ ಇದೆ.

1791ರಲ್ಲಿ ಅವನು ಸಾರ್ವಜನಿಕ ಶಿಕ್ಷಣದ ಬಗ್ಗೆ ದೊಡ್ಡ ವರದಿಯೊಂದನ್ನು ಒಪ್ಪಿಸಿದನು. ಪ್ರಾಥಮಿಕ ಶಿಕ್ಷಣ ಉಚಿತವಾಗಿರಬೇಕು, ಅದರ ಮೇಲೆ ಹಂತಹಂತವಾಗಿ ಶಾಲೆಗಳಿರಬೇಕು ಎಂಬುದು ಅದರ ಸಾರ. ಹೆಣ್ಣುಮಕ್ಕಳ ವಿದ್ಯೆಯ ವಿಚಾರದಲ್ಲಿ ಮಾತ್ರ ವರದಿ ಜಿಪುಣತನ ತೋರಿತು. ಇಂಗ್ಲೆಂಡಿನ ಮೇರಿ ವೋಲ್‌ಸ್ಟನ್‌ಕ್ರಾಫ್ಟ್ 1792ರಲ್ಲಿ ಸ್ತ್ರೀಯರ ಹಕ್ಕುಗಳ ಬಗ್ಗೆ ಬರೆದ ಪುಸ್ತಕವನ್ನು ಅವನಿಗೇ ಅರ್ಪಿಸಿ, ಈ ವಿಚಾರವನ್ನು ಮತ್ತೊಮ್ಮೆ ಯೋಚಿಸಬೇಕೆಂದು ಕೇಳಿಕೊಂಡಳು. ಆ ಸಭೆ ವರದಿಯನ್ನು ಜಾರಿಗೆ ತರಲಿಲ್ಲ.

ಕ್ರಾಂತಿ ರಕ್ತಪಾತಕ್ಕೆ ತಿರುಗಿದಾಗ ಟ್ಯಾಲಿರಾಂಡ್ ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ತಲೆಮರೆಸಿಕೊಂಡು ಬದುಕಿದನು. 1796ರಲ್ಲಿ ತಾಯ್ನಾಡಿಗೆ ಮರಳಿ, ಮರುವರ್ಷವೇ ವಿದೇಶಾಂಗ ಮಂತ್ರಿಯಾದನು. ಅದೇ ವರ್ಷ ಮಾತುಕತೆಗೆ ಬಂದ ಅಮೆರಿಕದ ದೂತರಿಂದ ಅವನ ಮಧ್ಯವರ್ತಿಗಳು ಲಂಚ ಕೇಳಿದರು. ಸುದ್ದಿ ಬಯಲಾಗಿ ಎರಡು ದೇಶಗಳ ಸಂಬಂಧವೇ ಕೆಟ್ಟಿತು. ಹಣದಾಸೆ ಅವನನ್ನು ಕೊನೆಯವರೆಗೂ ಬಿಡಲಿಲ್ಲ.

1799ರಲ್ಲಿ ನೆಪೋಲಿಯನ್ ಅಧಿಕಾರ ಹಿಡಿಯಲು ನೆರವಾದವರಲ್ಲಿ ಇವನೂ ಒಬ್ಬ. ಆದರೆ ಇಬ್ಬರ ದಾರಿ ಬೇರೆಯಾಗತೊಡಗಿತು. 1805ರಲ್ಲಿ ಆಸ್ಟ್ರಿಯಾ ಸೋತಾಗ ಅದನ್ನು ತುಳಿಯದೆ ಮಿತ್ರನನ್ನಾಗಿ ಮಾಡಿಕೊಳ್ಳಬೇಕೆಂದು ಮಂತ್ರಿ ಬೋಧಿಸಿದನು, ಚಕ್ರವರ್ತಿ ಕೇಳಲಿಲ್ಲ. 1807ರಲ್ಲಿ ಟ್ಯಾಲಿರಾಂಡ್ ಮಂತ್ರಿಪದವಿ ಬಿಟ್ಟನು. ಮರುವರ್ಷ ಎರ್ಫರ್ಟಿನಲ್ಲಿ ನೆಪೋಲಿಯನ್ನನ ಪರವಾಗಿ ಮಾತಾಡಬೇಕಾದವನು, ಅವನಿಗೆ ಮಣಿಯಬೇಡವೆಂದು ರಷ್ಯಾದ ಝಾರ್ ಅಲೆಕ್ಸಾಂಡರನಿಗೆ ಗುಟ್ಟಾಗಿ ಹೇಳಿದನು. ಆಮೇಲೆ ಆಸ್ಟ್ರಿಯಾದಿಂದ ಹಣವನ್ನೂ ಪಡೆದನು. ತರಗತಿಯಲ್ಲಿ ಇಲ್ಲಿಗೆ ಬರುವಷ್ಟರಲ್ಲಿ ಮಕ್ಕಳು ಅವನನ್ನು ದ್ರೋಹಿ ಎಂದು ತೀರ್ಮಾನಿಸಿಬಿಡುತ್ತಿದ್ದರು. ಮುಂದಿನ ಕಥೆ ಕೇಳಿ ಎನ್ನುತ್ತಿದ್ದೆ ನಾನು.

1814ರ ಮಾರ್ಚ್ 31ರಂದು ಶತ್ರುಸೇನೆ ಪ್ಯಾರಿಸ್ ಹೊಕ್ಕಿತು. ಟ್ಯಾಲಿರಾಂಡ್ ತಾತ್ಕಾಲಿಕ ಸರ್ಕಾರದ ಮುಖ್ಯಸ್ಥನಾಗಿ, ನೆಪೋಲಿಯನ್ನನನ್ನು ಇಳಿಸಿ ಹದಿನೆಂಟನೆಯ ಲೂಯಿಯನ್ನು ಸಿಂಹಾಸನಕ್ಕೆ ತಂದನು. ಅದೇ ವರ್ಷ ವಿಯೆನ್ನಾದಲ್ಲಿ ಯುರೋಪಿನ ನಕ್ಷೆ ಬರೆಯಲು ಮಹಾಸಭೆ ಸೇರಿತು. ಬ್ರಿಟನ್, ಆಸ್ಟ್ರಿಯಾ, ರಷ್ಯಾ, ಪ್ರಷ್ಯಾ ಎಂಬ ನಾಲ್ವರು ಗೆದ್ದವರು ಎಲ್ಲವನ್ನೂ ತಾವೇ ನಿರ್ಧರಿಸುವ ಲೆಕ್ಕ ಹಾಕಿದ್ದರು. ಸೋತ ಫ್ರಾನ್ಸಿನ ಪ್ರತಿನಿಧಿಯಾಗಿ ಹೋದ ಟ್ಯಾಲಿರಾಂಡನ ಬೆನ್ನಿಗೆ ಸೈನ್ಯಬಲವಿರಲಿಲ್ಲ. ಯಾವ ನಿಯಮದ ಪ್ರಕಾರ ಈ ನಾಲ್ವರಿಗೆ ಮಾತ್ರ ಅಧಿಕಾರ ಎಂಬ ಪ್ರಶ್ನೆಯನ್ನೇ ಹಿಡಿದುಕೊಂಡನು. ಹೊರಗುಳಿದ ಸಣ್ಣ ರಾಜ್ಯಗಳ ಪರ ನಿಂತನು. ಪೋಲೆಂಡ್ ಮತ್ತು ಸ್ಯಾಕ್ಸನಿಯ ವಿಚಾರದಲ್ಲಿ ಗೆದ್ದವರಲ್ಲೇ ಬಿರುಕು ಬಿಟ್ಟಾಗ, 1815ರ ಜನವರಿ 3ರಂದು ಬ್ರಿಟನ್ ಮತ್ತು ಆಸ್ಟ್ರಿಯಾ ಫ್ರಾನ್ಸಿನ ಜೊತೆ ರಹಸ್ಯ ಒಪ್ಪಂದಕ್ಕೆ ಸಹಿ ಹಾಕಿದವು. ಒಂದು ವರ್ಷದ ಹಿಂದಿನ ಶತ್ರು ಈಗ ಸಮನಾಗಿ ಕುಳಿತಿದ್ದನು.

1830ರಲ್ಲಿ, 76ನೆಯ ವಯಸ್ಸಿನಲ್ಲಿ, ಲಂಡನ್ನಿಗೆ ರಾಯಭಾರಿಯಾಗಿ ಹೋಗಿ, ಬೆಲ್ಜಿಯಂ ಸ್ವತಂತ್ರ ದೇಶವಾಗಿ ನಿಲ್ಲುವ ವಿಚಾರ ಯುದ್ಧವಾಗದಂತೆ ಮಾತುಕತೆಯಲ್ಲಿ ಶ್ರಮಿಸಿದನು. 1838ರ ಮೇ 17ರಂದು, ಅಂದು ಬೆಳಿಗ್ಗೆಯಷ್ಟೇ ಚರ್ಚಿನೊಂದಿಗೆ ರಾಜಿಪತ್ರಕ್ಕೆ ಸಹಿ ಮಾಡಿ, ತೀರಿಕೊಂಡನು.

ಹಣದ ವಿಷಯದಲ್ಲಿ ಟ್ಯಾಲಿರಾಂಡ್‌ನಿಗೆ ನಾನು ಪಾಸ್ ಮಾರ್ಕು ಕೊಡಲಾರೆ. ಒಡೆಯರನ್ನು ಬದಲಿಸುತ್ತ ಹೋದದ್ದಕ್ಕೂ ಸ್ವಾರ್ಥ ಕಾರಣವಲ್ಲವೆಂದು ಹೇಳಲಾರೆ. ಆದರೆ ವಿಯೆನ್ನಾದ ಪಾಠವನ್ನು ಮರೆಯುವಂತಿಲ್ಲ. ಆ ಸಭೆಯ ನಂತರ ಸುಮಾರು ನಲವತ್ತು ವರ್ಷ ಯುರೋಪಿನ ದೊಡ್ಡ ರಾಷ್ಟ್ರಗಳ ನಡುವೆ ಮಹಾಯುದ್ಧವಾಗಲಿಲ್ಲ. 1919ರಲ್ಲಿ ಸೋತ ಜರ್ಮನಿಯನ್ನು ಮಾತುಕತೆಯಿಂದ ಹೊರಗಿಟ್ಟು ವರ್ಸೇಲ್ಸ್ ಒಪ್ಪಂದ ಬರೆದರು. ಇಪ್ಪತ್ತೇ ವರ್ಷಕ್ಕೆ ಎರಡನೆಯ ಮಹಾಯುದ್ಧ ಬಂತು. ಅದಕ್ಕೆ ಬೇರೆ ಕಾರಣಗಳೂ ಇದ್ದವು, ಆದರೆ ಅವಮಾನದ ನೆನಪೂ ಅದರಲ್ಲಿತ್ತು.

ಹೊಲದ ಬದುವಿನ ಜಗಳಕ್ಕೆ ನ್ಯಾಯ ಹೇಳುವ ನಮ್ಮ ಹಿರಿಯರಿಗೆ ಇದು ಹೊಸದಲ್ಲ. ಸೋತವನನ್ನು ಜಗಲಿಯಿಂದ ಕೆಳಗಿಳಿಸಿ ಮಾಡಿದ ರಾಜಿ ಮುಂದಿನ ಮಳೆಗಾಲದವರೆಗೂ ಬಾಳುವುದಿಲ್ಲ. ನಮ್ಮ ಶಾಲೆಯಲ್ಲಿ ಓದಿ ಇಂದು ಪಂಚಾಯಿತಿ, ಕಚೇರಿ, ಸಂಘಗಳಲ್ಲಿ ಹೊಣೆ ಹೊತ್ತಿರುವ ವಿದ್ಯಾರ್ಥಿಗಳು ಟ್ಯಾಲಿರಾಂಡನ ಲೋಭವನ್ನು ಬಿಟ್ಟು, ಅವನ ಈ ವಿವೇಕವನ್ನು ಇಟ್ಟುಕೊಳ್ಳಲಿ ಎಂದು ಹಾರೈಸುತ್ತೇನೆ.