ಉಪ್ಪಿನಲ್ಲೇ ಮದ್ದು ಕೊಟ್ಟ ಡಾ. ರಾಮಲಿಂಗಸ್ವಾಮಿ

ಏಮ್ಸ್ ಎಂದೊಡನೆ ದೆಹಲಿ ಕನ್ನಡಿಗರಿಗೆ ನೆನಪಾಗುವುದು ಊರಿನಿಂದ ಬಂದ ನೆಂಟರಿಷ್ಟರ ಚಿಕಿತ್ಸೆ, ಬೆಳಗಿನ ಜಾವದ ಕ್ಯೂ. ಆ ಸಂಸ್ಥೆಗೆ 1969ರಿಂದ 1979ರವರೆಗೆ ನಿರ್ದೇಶಕರಾಗಿದ್ದ ಡಾ. ವುಲಿಮಿರಿ ರಾಮಲಿಂಗಸ್ವಾಮಿ ಅವರ ಬಹು ದೊಡ್ಡ ಕೆಲಸ ಮಾತ್ರ ನಡೆದದ್ದು ಆಸ್ಪತ್ರೆಯಲ್ಲಲ್ಲ, ಹಿಮಾಲಯದ ತಪ್ಪಲಿನ ಹಳ್ಳಿಗಳಲ್ಲಿ.

ಅವರು ಜನಿಸಿದ್ದು 1921ರ ಆಗಸ್ಟ್ 8ರಂದು, ಶ್ರೀಕಾಕುಳಂನಲ್ಲಿ. ಆಗ ಅದು ನಮ್ಮ ಬಳ್ಳಾರಿ, ಮಂಗಳೂರುಗಳಂತೆ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ವಿಶಾಖಪಟ್ಟಣದಲ್ಲಿ ವೈದ್ಯಕೀಯ ಓದಿ, ಆಕ್ಸ್‌ಫರ್ಡ್‌ನಲ್ಲಿ ಡಾಕ್ಟರೇಟ್ ಪಡೆದರು. ಕೂನೂರಿನ ಪೌಷ್ಟಿಕ ಆಹಾರ ಸಂಶೋಧನಾಲಯದಲ್ಲಿ ದುಡಿದ ನಂತರ, 1957ರಲ್ಲಿ ಏಮ್ಸ್‌ನ ಪೆಥಾಲಜಿ ಪ್ರಾಧ್ಯಾಪಕರಾದರು.

ಕಾಂಗ್ರಾ ಕಣಿವೆ ಇಂದು ಹಿಮಾಚಲದಲ್ಲಿದೆ. ಅಂದು ಪಂಜಾಬಿಗೆ ಸೇರಿತ್ತು. ಅಲ್ಲಿ ಶಾಲೆಗೆ ಹೋಗುವ ಮೂರು ಮಕ್ಕಳಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಗಳಗಂಡವಿತ್ತು. ಮಳೆ ಮತ್ತು ಹಿಮದ ನೀರು ಮಣ್ಣಿನ ಅಯೋಡಿನ್ ಅಂಶವನ್ನು ತೊಳೆದು ಒಯ್ಯುವುದೇ ಇದಕ್ಕೆ ಕಾರಣ. ಕೊಡಗು, ಚಿಕ್ಕಮಗಳೂರಿನ ಹಿರಿಯರಿಗೂ ಈ ಕಾಯಿಲೆ ಹೊಸದೇನಲ್ಲ. ಕತ್ತು ಊದಿಕೊಳ್ಳುವುದಷ್ಟೇ ಆಗಿದ್ದರೆ ಚಿಂತೆ ಇರಲಿಲ್ಲ. ಗರ್ಭಿಣಿಗೆ ಅಯೋಡಿನ್ ತೀರಾ ಕಡಿಮೆಯಾದರೆ ಹುಟ್ಟುವ ಮಗು ಕಿವುಡಾಗಬಹುದು, ಮಾತು ಬಾರದಿರಬಹುದು, ಬುದ್ಧಿ ಬೆಳೆಯದಿರಬಹುದು. ಹುಟ್ಟಿದ ಮೇಲೆ ಆ ಹಾನಿಯನ್ನು ಯಾವ ವೈದ್ಯರೂ ಪೂರ್ತಿಯಾಗಿ ಸರಿಪಡಿಸಲಾರರು.

ಹಾಗಿದ್ದರೆ ಮದ್ದು ಊರಿಗೆಲ್ಲ ಮೊದಲೇ ತಲುಪಬೇಕು. ಬಡವ, ಬಲ್ಲಿದ ಇಬ್ಬರೂ ದಿನವೂ ತಿನ್ನುವ ವಸ್ತು ಉಪ್ಪು. 1956ರಲ್ಲಿ ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಸುಮಾರು 1 ಲಕ್ಷ ಜನರಿದ್ದ ಪ್ರದೇಶವನ್ನು ಮೂರು ವಲಯಗಳಾಗಿ ವಿಂಗಡಿಸಿದರು. ಎರಡು ವಲಯಗಳಿಗೆ ಅಯೋಡಿನ್ ಬೆರೆಸಿದ ಉಪ್ಪು, ಒಂದಕ್ಕೆ ಸಾದಾ ಉಪ್ಪು. 1962ರ ಹೊತ್ತಿಗೆ ಮೊದಲೆರಡು ವಲಯಗಳಲ್ಲಿ ಕಾಯಿಲೆ ಸುಮಾರು ಅರ್ಧಕ್ಕೆ ಇಳಿದಿತ್ತು. ಸಾದಾ ಉಪ್ಪಿನ ವಲಯದಲ್ಲಿ ಇದ್ದಂತೆಯೇ ಇತ್ತು. ಆಮೇಲೆ ಆ ವಲಯಕ್ಕೂ ಅಯೋಡಿನ್ ಉಪ್ಪು ಕೊಡಲಾಯಿತು, ಅಲ್ಲೂ ಕಾಯಿಲೆ ತಗ್ಗಿತು. ಅಷ್ಟು ವರ್ಷ ಅಲ್ಲಿನ ಮಕ್ಕಳು ಕಾಯಬೇಕಾಯಿತಲ್ಲ ಎಂಬ ಪ್ರಶ್ನೆ ಉಳಿಯುತ್ತದೆ. ಆದರೆ ಲೆಕ್ಕ ಅಷ್ಟು ಸ್ಪಷ್ಟವಾಗಿ ಸಿಗದಿದ್ದರೆ ಸರ್ಕಾರ ನಂಬುತ್ತಿತ್ತೇ ಎಂಬುದೂ ಸಂಶಯ. 1962ರಲ್ಲೇ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು.

ಒಬ್ಬ ವಯಸ್ಕನಿಗೆ ದಿನಕ್ಕೆ ಬೇಕಾದದ್ದು 150 ಮೈಕ್ರೋಗ್ರಾಂ. ಇಡೀ ಆಯುಷ್ಯಕ್ಕೆ ಒಂದು ಟೀ ಚಮಚದಷ್ಟಾದರೆ ಹೆಚ್ಚು! ಆದರೂ ಕಾರ್ಯಕ್ರಮ ಬಹಳ ಕಾಲ ಗುಡ್ಡಗಾಡು ಜಿಲ್ಲೆಗಳಿಗೆ ಸೀಮಿತವಾಗಿತ್ತು. ದೆಹಲಿಯ ಶಾಲಾ ಮಕ್ಕಳಲ್ಲೂ ಗಳಗಂಡ ಕಂಡುಬಂದಾಗ ಇದು ಬರೀ ಬೆಟ್ಟದವರ ಪಾಡಲ್ಲ ಎಂದು ಅರಿವಾಯಿತು. 1980ರ ದಶಕದಲ್ಲಿ ಇಡೀ ದೇಶಕ್ಕೆ ಅಯೋಡಿನ್ ಉಪ್ಪು ಎಂಬ ತೀರ್ಮಾನವಾಯಿತು.

ಅವರು ನಿರ್ದೇಶಕರಾಗಿದ್ದಾಗ, ಫರೀದಾಬಾದ್ ಬಳಿಯ ಬಲ್ಲಭಗಢದಲ್ಲಿ ಏಮ್ಸ್ 1965ರಲ್ಲಿ ಆರಂಭಿಸಿದ್ದ ಗ್ರಾಮೀಣ ಆರೋಗ್ಯ ಯೋಜನೆಯೂ ನಡೆಯುತ್ತಿತ್ತು. 1979ರಿಂದ 1986ರವರೆಗೆ ಅವರು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಹಾನಿರ್ದೇಶಕರಾಗಿದ್ದರು. ಅವರ ಅಧ್ಯಕ್ಷತೆಯ ಅಧ್ಯಯನ ತಂಡದ ವರದಿ 1981ರಲ್ಲಿ ಪ್ರಕಟವಾಯಿತು. ಆರೋಗ್ಯ ಸೇವೆ ದೊಡ್ಡ ಆಸ್ಪತ್ರೆಯಿಂದಲ್ಲ, ಹಳ್ಳಿಯಿಂದ, ಹಳ್ಳಿಯವರೇ ಆದ ಕಾರ್ಯಕರ್ತರಿಂದ ಮೊದಲಾಗಬೇಕು ಎಂಬುದು ಅದರ ಸಾರ. ದೇಶದ ದೊಡ್ಡ ಆಸ್ಪತ್ರೆಯೊಂದನ್ನು ನಡೆಸಿದವರೇ ಹೀಗೆ ಹೇಳಿದ್ದು ಗಮನಾರ್ಹ. 1996ರಲ್ಲಿ ಇಬ್ಬರು ತಜ್ಞರೊಡನೆ ಯುನಿಸೆಫ್‌ಗೆ ಬರೆದ ಲೇಖನದಲ್ಲಿ, ದಕ್ಷಿಣ ಏಷ್ಯಾದ ಮಕ್ಕಳು ಆಫ್ರಿಕಾದ ಮಕ್ಕಳಿಗಿಂತಲೂ ಸೊರಗಿರುವುದಕ್ಕೆ ತಾಯಂದಿರ ಕೀಳು ಸ್ಥಿತಿಯೇ ಮುಖ್ಯ ಕಾರಣ ಎಂದು ತೋರಿಸಿದರು.

ಅಯೋಡಿನ್ ಇಲ್ಲದ ಉಪ್ಪನ್ನು ಅಡುಗೆಗೆ ಮಾರುವುದನ್ನು ಕೇಂದ್ರ ಸರ್ಕಾರ 1998ರಲ್ಲಿ ನಿಷೇಧಿಸಿತ್ತು. 2000ದಲ್ಲಿ ಅದನ್ನು ತೆಗೆದುಹಾಕಿತು. ಮರುವರ್ಷ ಮೇ 28ರಂದು ರಾಮಲಿಂಗಸ್ವಾಮಿ ನಿಧನರಾದರು. ನಿಷೇಧ ಮತ್ತೆ ಜಾರಿಯಾದದ್ದು 2006ರ ಮೇ ತಿಂಗಳಲ್ಲಿ.