ನಾಟಕ ಬರೆಯಲು ಊರು ಬಿಟ್ಟ ಷಿಲ್ಲರ್

ಬಿ.ಇ. ಮುಗಿಸಿದ ನಾನು ಕೆಲಸದ ನಿಮಿತ್ತ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಎರಡು ವರ್ಷ ಇದ್ದೆ. ಅಲ್ಲಿನ ಭಾಷೆ ಕಲಿಯಲೆಂದು, ಶಾಲಾ ಮಕ್ಕಳು ಓದುವ ರೆಕ್ಲಾಂ ಪ್ರಕಾಶನದ ಹಳದಿ ಹೊದಿಕೆಯ ಪುಟ್ಟ ಪುಸ್ತಕವೊಂದನ್ನು ಕೊಂಡೆ. ಅದು ಫ್ರೀಡ್ರಿಶ್ ಷಿಲ್ಲರನ ದುರಂತ ನಾಟಕ ‘ಕಬಾಲೆ ಉಂಟ್ ಲೀಬೆ’, ಅಂದರೆ ಒಳಸಂಚು ಮತ್ತು ಪ್ರೀತಿ. ಟಿಪ್ಪಣಿಗಳಿದ್ದುದರಿಂದ ಮಾತ್ರ ಓದಲಾಯಿತು. ನಮ್ಮ ಕನ್ನಡ ಗುರುಗಳು ಹಳಗನ್ನಡ ಪದ್ಯದ ಪದಗಳಿಗೆ ಕರಿಹಲಗೆಯ ಮೇಲೆ ಅರ್ಥ ಬರೆದು ಬಿಡಿಸಿ ಹೇಳುತ್ತಿದ್ದುದು ನೆನಪಾಯಿತು.

ಷಿಲ್ಲರ್ ಹುಟ್ಟಿದ್ದು 1759ರ ನವೆಂಬರ್ 10ರಂದು, ಸ್ಟುಟ್‌ಗಾರ್ಟ್ ಹತ್ತಿರದ ಮಾರ್ಬಾಖ್ ಎಂಬ ಸಣ್ಣ ಊರಿನಲ್ಲಿ. ತಂದೆ ಸೈನ್ಯದಲ್ಲಿದ್ದವರು. ಹುಡುಗನಿಗೆ ಪಾದ್ರಿಯಾಗುವ ಆಸೆ. ಆದರೆ ಸಂಸ್ಥಾನದ ದೊರೆ ಕಾರ್ಲ್ ಓಯ್ಗೆನ್ ಅವನನ್ನು ತನ್ನ ಸೈನಿಕ ಶಾಲೆಗೆ ಕರೆಸಿಕೊಂಡ. 1773ರಲ್ಲಿ, 13ನೆಯ ವಯಸ್ಸಿಗೆ, ಷಿಲ್ಲರ್ ಅಲ್ಲಿ ಸೇರಬೇಕಾಯಿತು. ಮೊದಲು ಕಾನೂನು, ಆಮೇಲೆ ವೈದ್ಯಕೀಯ ಓದಿದ. ಮನಸ್ಸು ಮಾತ್ರ ನಾಟಕದಲ್ಲಿತ್ತು.

ಓದುವಾಗಲೇ ಗುಟ್ಟಾಗಿ ಬರೆದ ‘ದರೋಡೆಕೋರರು’ ನಾಟಕವನ್ನು 1781ರಲ್ಲಿ ಸಾಲ ಮಾಡಿ ಅಚ್ಚು ಹಾಕಿಸಿದ. ಮರುವರ್ಷ ಜನವರಿ 13ರಂದು ಅದು ಮಾನ್‌ಹೈಮ್‌ನಲ್ಲಿ ರಂಗಕ್ಕೆ ಬಂತು. ಸೈನ್ಯದ ವೈದ್ಯನಾಗಿದ್ದ ಷಿಲ್ಲರ್ ಅಪ್ಪಣೆ ಕೇಳದೆ ಹೋಗಿ ನೋಡಿ ಬಂದ. ಮತ್ತೊಮ್ಮೆ ಹಾಗೆ ಹೋದದ್ದು ದೊರೆಗೆ ತಿಳಿದು 14 ದಿನ ಬಂಧನವಾಯಿತು. ವೈದ್ಯಕೀಯ ಬಿಟ್ಟು ಬೇರೇನೂ ಬರೆಯಕೂಡದೆಂಬ ಆಜ್ಞೆಯೂ ಬಂತು. 1782ರ ಸೆಪ್ಟೆಂಬರ್ 22ರ ರಾತ್ರಿ ಗೆಳೆಯನೊಬ್ಬನ ಜೊತೆ ಊರು ಬಿಟ್ಟ. ತಂದೆ ಇನ್ನೂ ಅದೇ ದೊರೆಯ ಚಾಕರಿಯಲ್ಲಿದ್ದರು. ಆ ಹೆಜ್ಜೆ ಎಷ್ಟು ಭಾರವಾಗಿದ್ದಿರಬೇಕು!

ನಾನು ಓದಿದ ನಾಟಕ 1784ರಲ್ಲಿ ರಂಗಕ್ಕೆ ಬಂತು. ಮಂತ್ರಿಯ ಮಗ ಫರ್ಡಿನಾಂಡ್ ಬಡ ಸಂಗೀತಗಾರನ ಮಗಳು ಲೂಯಿಸೆಯನ್ನು ಪ್ರೀತಿಸುತ್ತಾನೆ. ದೊಡ್ಡವರ ಸಂಚಿನಿಂದ ಅವಳ ಮೇಲೆ ಸಂಶಯಪಟ್ಟು ಕೊನೆಗೆ ಇಬ್ಬರೂ ವಿಷದಿಂದ ಸಾಯುತ್ತಾರೆ. ಒಂದು ದೃಶ್ಯದಲ್ಲಿ ದೊರೆ ತನ್ನ ಪ್ರೇಯಸಿಗೆ ಒಡವೆ ಕಳಿಸುತ್ತಾನೆ. ತಂದ ಮುದುಕ ಸೇವಕ, ನಾಡಿನ 7,000 ಯುವಕರನ್ನು ಅಮೆರಿಕದ ಯುದ್ಧಕ್ಕೆ ಮಾರಿದ ಹಣದಿಂದ ಅದು ಬಂದಿದೆ ಎನ್ನುತ್ತಾನೆ. ಕಲ್ಪನೆ ಇರಬೇಕೆಂದುಕೊಂಡು ಟಿಪ್ಪಣಿ ನೋಡಿದೆ. ಜರ್ಮನ್ ದೊರೆಗಳು ನಿಜವಾಗಿಯೂ ಬ್ರಿಟನ್ನಿನಿಂದ ಹಣ ಪಡೆದು ಸೈನಿಕರನ್ನು ಕಳಿಸಿದ್ದರು.

ಆ ರಾತ್ರಿ ನನಗೆ ಕಲ್ಯಾಣ ನೆನಪಾಯಿತು. ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಆದ ಮದುವೆಗಾಗಿ ಆ ಇಬ್ಬರು ತಂದೆಯರು ಪ್ರಾಣ ತೆತ್ತ ಕಥೆಯನ್ನು ಇಂಗಳೇಶ್ವರದ ಮಕ್ಕಳಿಗೆ ಯಾರೂ ಹೊಸದಾಗಿ ಹೇಳಬೇಕಿಲ್ಲ. ಷಿಲ್ಲರ್ ಪರಕೀಯನೆನಿಸಲಿಲ್ಲ.

ಮುಂದೆ ಅವನು 1789ರಲ್ಲಿ ಯೇನಾ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಕಲಿಸಿದ, ಗಯಟೆಯ ಆಪ್ತನಾದ. ವರ್ಷಗಟ್ಟಲೆ ಕಾಯಿಲೆಯಿಂದ ಬಳಲುತ್ತಲೇ ‘ವಾಲೆನ್‌ಸ್ಟೈನ್’, ‘ಮರಿಯಾ ಸ್ಟುವರ್ಟ್’, ‘ವಿಲ್‌ಹೆಲ್ಮ್ ಟೆಲ್’ ನಾಟಕಗಳನ್ನು ಬರೆದು, 1805ರ ಮೇ 9ರಂದು ವೈಮಾರ್‌ನಲ್ಲಿ ತೀರಿಕೊಂಡ. ಆಗ ವಯಸ್ಸು 45.

ಅಂಕ ಬಂದವೆಂದು ನಾನು ವಿಜ್ಞಾನ ತೆಗೆದುಕೊಂಡೆ. ಅದಕ್ಕೆ ಬೇಸರವಿಲ್ಲ, ಅದೇ ಅನ್ನ ಕೊಟ್ಟಿದೆ. ಆದರೆ ನಾಟಕವೊಂದನ್ನು ಮನಸ್ಸಿಟ್ಟು ಓದಲು ಮೂವತ್ತು ದಾಟಬೇಕಾಯಿತು. ಈಗ ನಮ್ಮ ಶಾಲೆಯಲ್ಲಿ ಓದುತ್ತಿರುವ ತಮ್ಮ ತಂಗಿಯರು ಅಷ್ಟು ಕಾಯದಿರಲಿ. ಮಗ್ಗಿಯ ಜೊತೆಗೆ ನಾಟಕದ ಪುಸ್ತಕವನ್ನೂ ಕೈಗಿಟ್ಟ ನಮ್ಮ ಗುರುಗಳಿಗೆ ಈ ಸುವರ್ಣ ಮಹೋತ್ಸವದಲ್ಲಿ ನನ್ನ ಶರಣು.